ಭಟ್ಟರ ಒಲೆಯಿಂದ ಮಾಲೀಕರ ಗಲ್ಲಾದವರೆಗೆ

ಬೆಂಗಳೂರಿನಲ್ಲಿ ಅಡುಗೆಯವರೇ ಹೋಟೆಲ್ ಮಾಲೀಕರಾಗುವುದು ಹೊಸದಲ್ಲ. ಕೋಟ ಸೀಮೆಯಿಂದ ಬಂದ ಮಯ್ಯ ಸಹೋದರರು ಮೊದಲು ಇಲ್ಲಿನ ಉಳ್ಳವರ ಮನೆಗಳಲ್ಲಿ ಅಡುಗೆಗಿದ್ದರು. 1924ರಲ್ಲಿ ಅವರು ತೆರೆದ ಬ್ರಾಹ್ಮಣರ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು.

ಅಂಥ ಹೋಟೆಲುಗಳಲ್ಲಿ ಊರಿಂದ ಬಂದ ಹುಡುಗ ಲೋಟ ತೊಳೆಯುವುದರಿಂದ ಶುರು ಮಾಡುತ್ತಿದ್ದ. ಟೇಬಲ್ ಒರೆಸಿ, ತರಕಾರಿ ಹೆಚ್ಚಿ, ಡಿಕಾಕ್ಷನ್ ಇಳಿಸಿ, ಚಟ್ನಿ–ಸಾಂಬಾರು ದಾಟಿ ಕೊನೆಗೆ ಕಾವಲಿಯ ಮುಂದೆ ನಿಲ್ಲುತ್ತಿದ್ದ. ಕಾವಲಿ ಕಲಿಸುತ್ತಿದ್ದುದು ರುಚಿಯನ್ನಷ್ಟೇ ಅಲ್ಲ, ನಷ್ಟ ಎಲ್ಲಿ ಸೋರುತ್ತದೆ ಎಂಬುದನ್ನೂ. ಒಂದು ಕೆಜಿ ಉದ್ದಿಗೆ ಮೂರೂವರೆ–ನಾಲ್ಕು ಕೆಜಿ ಅಕ್ಕಿ, ಜೊತೆಗೆ ಒಂದು ಹಿಡಿ ಮೆಂತ್ಯ. ಡಿಸೆಂಬರ್ ಚಳಿಯಲ್ಲಿ ಈ ಹಿಟ್ಟು ಉಬ್ಬಲು 12 ಗಂಟೆಯೂ ಸಾಲದು. ಏಪ್ರಿಲ್‌ನಲ್ಲಿ ಏಳೆಂಟು ಗಂಟೆಗೇ ಹುಳಿ ಮೀರುತ್ತದೆ. ಗ್ರೈಂಡರಿನಲ್ಲಿ ಹಿಟ್ಟು ಬಿಸಿಯಾದರೂ ಅದೇ ಗತಿ, ಅದಕ್ಕೇ ಬೇಸಿಗೆಯಲ್ಲಿ ತಣ್ಣೀರು ಹಾಕಿ ರುಬ್ಬುತ್ತಾರೆ. ಕಾವಲಿ ಅತಿಯಾಗಿ ಕಾದರೆ ಹಿಟ್ಟು ಹರಡದೆ ಸೌಟಿಗೇ ಕಿತ್ತು ಬರುತ್ತದೆ. ನೀರು ಚಿಮುಕಿಸಿ ಕಡ್ಡಿಪೊರಕೆ ಆಡಿಸುವುದು ಶಾಖ ಇಳಿಸುವುದಕ್ಕೇ.

ಇಷ್ಟೆಲ್ಲ ಬಲ್ಲವರಿಗೂ ಏಟು ಹೊರಗಿನಿಂದ ಬಿತ್ತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರ ಕಟ್ಟಿಹಾಕಿದಾಗ ಗುಣಮಟ್ಟ ಇಳಿಸಲೊಪ್ಪದ ಎಂಟಿಆರ್‌ಗೆ ನಷ್ಟವಾಯಿತು. ಹೋಟೆಲ್ ಬಾಗಿಲು ಹಾಕಿ ಪುಡಿ, ದಿಢೀರ್ ಮಿಶ್ರಣಗಳ ಮಾರಾಟಕ್ಕೆ ಇಳಿಯಬೇಕಾಯಿತು. ಹೋಟೆಲ್ ಆಮೇಲೆ ಮತ್ತೆ ತೆರೆಯಿತು. ಪುಡಿ–ಮಿಶ್ರಣದ ಕಂಪನಿ 2007ರಲ್ಲಿ ನಾರ್ವೆಯ ಆರ್ಕ್ಲಾ ಪಾಲಾಯಿತು.

1983ರಲ್ಲಿ ಜಯನಗರದ ಕೆಫೆ ದರ್ಶಿನಿಯೊಂದಿಗೆ ಆರ್. ಪ್ರಭಾಕರ್ ಲೆಕ್ಕವನ್ನೇ ಬದಲಿಸಿದರು. ಕುರ್ಚಿಯಿಲ್ಲ, ಸಪ್ಲೈಯರ್ ಇಲ್ಲ, ಮೊದಲು ಚೀಟಿ, ಆಮೇಲೆ ತಿಂಡಿ. ಗಿರಾಕಿ ಹತ್ತು ನಿಮಿಷದಲ್ಲಿ ಜಾಗ ಬಿಡುವುದರಿಂದ ಸಣ್ಣ ಮಳಿಗೆಯ ಬಾಡಿಗೆ ನೂರಾರು ತಟ್ಟೆಗಳ ಮೇಲೆ ಹಂಚಿಹೋಗುತ್ತದೆ. ಕೈಯಲ್ಲಿ ದೊಡ್ಡ ಬಂಡವಾಳವಿಲ್ಲದ ಅಡುಗೆಯವರಿಗೆ ಇದಕ್ಕಿಂತ ಒಳ್ಳೆಯ ದಾರಿ ಬೆಂಗಳೂರು ತೋರಿಸಿಲ್ಲ.

ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಶೆಫ್‌ಗಳ ದಾರಿ ಬೇರೆ. ಕಮಿ (ಕಿರಿಯ ಅಡುಗೆಯವ), ಶೆಫ್ ದ ಪಾರ್ಟಿ (ಅಡುಗೆಮನೆಯ ಒಂದು ವಿಭಾಗ ನೋಡಿಕೊಳ್ಳುವವ), ಸೂ ಶೆಫ್ (ಮುಖ್ಯ ಶೆಫ್‌ನ ನಂತರದವ) ಎಂದು ಏರುವಷ್ಟರಲ್ಲಿ ಹತ್ತು ವರ್ಷ ಕಳೆದಿರುತ್ತದೆ. ಅಡುಗೆಮನೆ ನಡೆಸಲು ಬಲ್ಲರು, ಆದರೆ ಬಾಡಿಗೆ ಕರಾರನ್ನೂ ತೆರಿಗೆಯನ್ನೂ ನೋಡಿಕೊಳ್ಳುತ್ತಿದ್ದುದು ಬೇರೆ ವಿಭಾಗ. ಸ್ವಂತ ರೆಸ್ಟೋರೆಂಟ್ ತೆರೆದಾಗ ಮುಗ್ಗರಿಸುವುದು ಅಲ್ಲೇ. ಸಾಮಗ್ರಿ ಖರ್ಚು ಮಾರಾಟದ ಶೇ. 30–35, ಬಾಡಿಗೆ ಶೇ. 15ರೊಳಗೆ ಇರಬೇಕೆಂಬುದು ಈ ವ್ಯವಹಾರದ ವಾಡಿಕೆ ಲೆಕ್ಕ. ಹಲವು ತಿಂಗಳ ಅಡ್ವಾನ್ಸ್ ಕೊಟ್ಟು, ಒಳಾಂಗಣಕ್ಕೆ ಸುರಿದು, ಮೊದಲ ಆರು ತಿಂಗಳ ಸಂಬಳಕ್ಕೆ ಕಾಸು ಉಳಿಸದವರು ಬೇಗ ಕುಸಿಯುತ್ತಾರೆ.

ಹೆಚ್ಚಿನವರು ಮರೆಯುವುದು ಜಿಎಸ್‌ಟಿಯನ್ನು. 2017ರ ನವೆಂಬರಿನಿಂದ ಸಾಮಾನ್ಯ ರೆಸ್ಟೋರೆಂಟುಗಳಿಗೆ ಶೇ. 5 ತೆರಿಗೆ, ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಫ್ರಿಜ್, ಚಿಮಣಿ, ಬಾಡಿಗೆಯ ಮೇಲೆ ಕಟ್ಟಿದ ತೆರಿಗೆಯೆಲ್ಲ ನೇರ ಖರ್ಚು. ಡೆಲಿವರಿ ಆ್ಯಪ್‌ಗಳ ಕಮಿಷನ್ ಬೇರೆ. ಅಂಗಡಿಯ ದರದಲ್ಲೇ ಆ್ಯಪ್‌ನಲ್ಲೂ ಮಾರಿದರೆ ತಟ್ಟೆಯ ಲಾಭವೆಲ್ಲ ಅದಕ್ಕೇ ಹೋಗಬಹುದು.

ಕೆಲಸ ಬಿಡುವ ಮುನ್ನ ಕೆಲವು ತಿಂಗಳು ಸ್ಟೋರ್ಸ್ ಮತ್ತು ಖರೀದಿ ವಿಭಾಗದಲ್ಲಿ ಕೂತು, ಪ್ರತಿ ಖಾದ್ಯದ ಗ್ರಾಂ ಲೆಕ್ಕದ ಚೀಟಿ ಬರೆದು, ಸಿಪ್ಪೆ–ತೊಟ್ಟು ತೆಗೆದ ಮೇಲೆ ಉಳಿಯುವ ತೂಕಕ್ಕೆ ಬೆಲೆ ಕಟ್ಟುವುದು ಒಳ್ಳೆಯದು. ಮಾರುಕಟ್ಟೆಯ ಕೆಜಿ ದರ ಹಿಡಿದು ಮೆನು ಬೆಲೆ ಇಟ್ಟರೆ ಸೊಪ್ಪು, ಹೂಕೋಸಿನಂಥವುಗಳಲ್ಲಿ ಲೆಕ್ಕ ತಪ್ಪುವುದು ಖಂಡಿತ.