ಓಟ, ಪಾಸ್ ಮತ್ತು ಅಂಕಪಟ್ಟಿಯ ಸಮತೋಲನ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಗೆದ್ದ ತಂಡವನ್ನು ಹೊಗಳುವಾಗ, ಚೆಂಡು ಹಿಡಿದು ಓಡುವುದಕ್ಕೂ ಪಾಸ್ ಎಸೆಯುವುದಕ್ಕೂ ಅದು ಸಮಾನ ಪ್ರಾಧಾನ್ಯ ಕೊಟ್ಟಿತ್ತು ಎನ್ನುವುದು ವಾಡಿಕೆ. ಆಟದ ಅಂಕಿಅಂಶಗಳೊಂದಿಗೆ ಕೆಲಸ ಮಾಡುವ ನನಗೆ ಈ ಸಮತೋಲನವು ಗೆಲುವಿನ ಕಾರಣಕ್ಕಿಂತ ಅದರ ಪರಿಣಾಮವಾಗಿಯೇ ಹೆಚ್ಚು ಕಾಣುತ್ತದೆ. ಯಾರ ಕೈಗೂ ಸಿಗದ ಪಾಸ್ ಗಡಿಯಾರವನ್ನು ನಿಲ್ಲಿಸುವುದರಿಂದ, ಮುನ್ನಡೆಯಲ್ಲಿರುವ ತಂಡ ಕೊನೆಯ ಕ್ವಾರ್ಟರ್‌ನಲ್ಲಿ ಓಟವನ್ನೇ ನೆಚ್ಚಿಕೊಳ್ಳುತ್ತದೆ. ಹಿಂದೆ ಬಿದ್ದ ತಂಡ ಬೇರೆ ದಾರಿಯಿಲ್ಲದೆ ಎಸೆಯುತ್ತಲೇ ಹೋಗುತ್ತದೆ. ಹೀಗಾಗಿ ಹೆಚ್ಚು ಓಡಿದವರೇ ಗೆದ್ದರೆಂಬ ಭ್ರಮೆ ಅಂಕಪಟ್ಟಿಯಲ್ಲಿ ಉಳಿಯುತ್ತದೆ.

ಕಾಲೇಜು ಆಟದ ಲೆಕ್ಕಪದ್ಧತಿಯೂ ಈ ಭ್ರಮೆಗೆ ನೀರೆರೆಯುತ್ತದೆ. ಪಾಸ್ ಎಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಎಸೆಯುವ ಮೊದಲೇ ಅವನನ್ನು ಕೆಡವಿದರೆ, ಅಂದರೆ ಸ್ಯಾಕ್ ಆದರೆ, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆ ನಷ್ಟವನ್ನು ತಂಡದ ಪಾಸ್ ಗಳಿಕೆಯಿಂದ ಕಳೆಯುತ್ತಾರೆ. ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ಮಾತ್ರ ಅದನ್ನು ಓಟದ ಖಾತೆಗೆ ಬರೆಯುತ್ತದೆ. ಒಂದು ಕಾಲ್ಪನಿಕ ಪಂದ್ಯವನ್ನು ತೆಗೆದುಕೊಳ್ಳಿ. ತರಬೇತುದಾರರು 40 ಸಲ ಪಾಸ್, 30 ಸಲ ಓಟ ಹೇಳಿದ್ದಾರೆ. ಪಾಸ್‌ಗಳಲ್ಲಿ 35 ಎಸೆತಗಳಾಗಿ 245 ಗಜ ಬಂದಿದೆ, ಉಳಿದ 5 ಸ್ಯಾಕ್ ಆಗಿ 35 ಗಜ ಹೋಗಿದೆ. ಓಟದಿಂದ 150 ಗಜ ಸಿಕ್ಕಿದೆ. ಅಂಕಪಟ್ಟಿ ಇದನ್ನು 35 ಎಸೆತ, 35 ಓಟ ಎಂದು ತೋರಿಸುತ್ತದೆ: ತೂಗಿ ಅಳೆದಂಥ ಸಮತೋಲನ! ಎಸೆತಕ್ಕೆ ಸರಾಸರಿ 7 ಗಜ, ಓಟಕ್ಕೆ 3.3. ಸ್ಯಾಕ್‌ಗಳನ್ನು ಅವು ಸೇರಬೇಕಾದ ಕಡೆ ಸೇರಿಸಿದರೆ ಪಾಸ್‌ಗೆ 5.25, ಓಟಕ್ಕೆ 5 ಗಜ. ಮೊದಲ ಲೆಕ್ಕ ನಂಬಿದವರು ಇನ್ನಷ್ಟು ಎಸೆಯಿರಿ ಎನ್ನುತ್ತಾರೆ. ಎರಡನೆಯದು ಆಕ್ರಮಣಪಡೆಯ ರಕ್ಷಣಾಗೋಡೆಯನ್ನು ಮೊದಲು ಸರಿಪಡಿಸಿ ಎನ್ನುತ್ತದೆ.

ಪಾಸ್ ದಕ್ಷತೆಯ ಎನ್‌ಸಿಎಎ ಸೂತ್ರಕ್ಕೂ ಸ್ಯಾಕ್ ಕಣ್ಣಿಗೆ ಬೀಳುವುದಿಲ್ಲ. ಗಜಗಳನ್ನು 8.4ರಿಂದ, ಟಚ್‌ಡೌನ್‌ಗಳನ್ನು (ಎದುರಾಳಿಯ ಗಡಿಗೆರೆ ದಾಟಿ ಪಡೆದ ಗಳಿಕೆಗಳನ್ನು) 330ರಿಂದ, ಪೂರ್ಣಗೊಂಡ ಪಾಸ್‌ಗಳನ್ನು 100ರಿಂದ ಗುಣಿಸಿ ಕೂಡಿಸಿ, ಎದುರಾಳಿ ಹಿಡಿದುಕೊಂಡ ಪ್ರತಿ ಪಾಸ್‌ಗೆ, ಅಂದರೆ ಇಂಟರ್‌ಸೆಪ್ಷನ್‌ಗೆ, 200 ಕಳೆದು, ಒಟ್ಟು ಎಸೆತಗಳಿಂದ ಭಾಗಿಸುತ್ತಾರೆ. ಎರಡು ಗಜ ಹಿಂದಕ್ಕೆ ಹೋದ ಪಾಸ್ ಕೂಡ, ಕೈಗೆ ಸಿಕ್ಕಿತೆಂಬ ಒಂದೇ ಕಾರಣಕ್ಕೆ, 83 ಅಂಕ ತರುತ್ತದೆ. ಇಷ್ಟಾದರೂ ಈ ಸೂತ್ರವನ್ನು ನಾನು ಬದಿಗಿಡುವುದಿಲ್ಲ. ಓಟ-ಪಾಸ್ ಅನುಪಾತಕ್ಕೆ ಹೋಲಿಸಿದರೆ ಇದು ಆಟದ ಗುಣಮಟ್ಟವನ್ನು ಅಷ್ಟಿಷ್ಟಾದರೂ ಅಳೆಯುತ್ತದೆ.

2019ರಲ್ಲಿ 15 ಪಂದ್ಯಗಳನ್ನೂ ಗೆದ್ದ ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿ) ತಂಡದ ಕ್ವಾರ್ಟರ್‌ಬ್ಯಾಕ್ ಜೋ ಬರ್ರೋ 527 ಎಸೆತಗಳಲ್ಲಿ 402 ಪೂರ್ಣಗೊಳಿಸಿ, 5,671 ಗಜ, 60 ಟಚ್‌ಡೌನ್ ಗಳಿಸಿದರು, ಇಂಟರ್‌ಸೆಪ್ಷನ್ ಆರೇ. ಸೂತ್ರಕ್ಕೆ ಹಾಕಿದರೆ 202 ಬರುತ್ತದೆ. ಅದೇ ತಂಡದ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಓಡಿ 1,414 ಗಜ ಗಳಿಸಿದ್ದನ್ನು ಸಮತೋಲನದ ಪಕ್ಷದವರು ಸಾಕ್ಷಿಯಾಗಿ ಮುಂದಿಡಬಹುದು. ಆದರೆ ಮೈದಾನದ ಉದ್ದಗಲಕ್ಕೂ ಹರಡಿದ, ಪಾಸ್ ಹಿಡಿಯುವ ರಿಸೀವರ್‌ಗಳನ್ನು ಕಾಯಲು ಎದುರಾಳಿಗಳು ಚದುರಿದ್ದರಿಂದಲೇ ಮಧ್ಯದಲ್ಲಿ ಓಟಕ್ಕೆ ಜಾಗ ಸಿಕ್ಕಿತು ಎಂಬುದು ನನ್ನ ಅಭಿಪ್ರಾಯ.

ಇದರ ತದ್ವಿರುದ್ಧ ಮಾದರಿ ಅಮೆರಿಕದ ಸೇನಾ ಅಕಾಡೆಮಿಯ ಆರ್ಮಿ ತಂಡದ್ದು. ಚೆಂಡು ಯಾರು ಹಿಡಿದು ಓಡಬೇಕೆಂಬುದಕ್ಕೆ ಮೂರು ಆಯ್ಕೆಗಳಿರುವ ಟ್ರಿಪಲ್ ಆಪ್ಷನ್ ತಂತ್ರವನ್ನು ನೆಚ್ಚಿದ ಅದು 2018ರಲ್ಲಿ ಅಪರೂಪಕ್ಕೆ ಪಾಸ್ ಎಸೆದು 11 ಪಂದ್ಯ ಗೆದ್ದಿತು, ವರ್ಷಾಂತ್ಯದ ಬೌಲ್ ಪಂದ್ಯದಲ್ಲಿ ಹ್ಯೂಸ್ಟನ್ ವಿರುದ್ಧ 70 ಅಂಕ ಸೇರಿಸಿತು. ಇಂಥ ತಂಡದ ಪಾಸ್‌ಗಳು ಬಹಳ ದಕ್ಷವಾಗಿ ಕಾಣುವುದಕ್ಕೆ ಕಾರಣ, ಎದುರಾಳಿ ಓಟ ತಡೆಯಲು ಮುಂದೆ ಒತ್ತಿ ನಿಂತಿರುವುದು. ಹತ್ತು ಪಾಸ್‌ಗಳ ದಕ್ಷತೆ ನೋಡಿ ನಲವತ್ತು ಎಸೆಯಿರಿ ಎಂದರೆ ಆ ಲಾಭ ಕರಗುತ್ತದೆ.

ಅನುಪಾತ ಲೆಕ್ಕಕ್ಕೆ ಬರುವುದು ಒಂದೇ ಕಡೆ, ಎದುರಾಳಿಯ ಊಹೆಯಲ್ಲಿ. ಅದನ್ನು ನೋಡಲು ನಾನು ಅಂಕಗಳ ಅಂತರ ಕಡಿಮೆಯಿರುವ ಮೊದಲ ಮೂರು ಕ್ವಾರ್ಟರ್‌ಗಳ ಫಸ್ಟ್ ಡೌನ್‌ಗಳನ್ನಷ್ಟೇ, ಅಂದರೆ ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೊದಲನೆಯದನ್ನಷ್ಟೇ, ಬೇರ್ಪಡಿಸುತ್ತೇನೆ. ಹತ್ತು ಗಜ ಬಾಕಿಯಿದ್ದಾಗ ತಂಡ ಹತ್ತರಲ್ಲಿ ಎಂಟು ಸಲ ಓಡುತ್ತಿದ್ದು, ಪ್ರತಿ ಸಲ ಎರಡೋ ಮೂರೋ ಗಜಕ್ಕೆ ನಿಲ್ಲುತ್ತಿದ್ದರೆ, ಆ ತಂಡದ ಒಟ್ಟು ಅನುಪಾತ ಸರಿಸಮವಾಗಿದ್ದರೂ ತರಬೇತುದಾರರಿಗೆ ನಾನು ಮೊದಲು ತೋರಿಸುವುದು ಆ ಪಟ್ಟಿಯನ್ನೇ.