ಯೂಸರ್‌ನೇಮ್: ಎಷ್ಟನೇ ಗವಿಸಿದ್ದಪ್ಪ?

ಕೊಪ್ಪಳದಲ್ಲಿ ನನ್ನದೊಂದು ಚಿಕ್ಕ ಝೆರಾಕ್ಸ್ ಅಂಗಡಿ. ಅರ್ಜಿ ತುಂಬುವುದು, ಪ್ರಿಂಟ್ ತೆಗೆಯುವುದು, ಹುಡುಗರಿಗೆ ಈಮೇಲ್ ಮಾಡಿಕೊಡುವುದು ದಿನದ ಕೆಲಸ. ಪಿಯುಸಿ ಮುಗಿಸಿದ ಹುಡುಗರು ಬರುವ ಹಂಗಾಮಿನಲ್ಲಿ ಒಂದು ಮಾತನ್ನು ದಿನಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ: "ಸರ, ನನ್ನ ಹೆಸರು ಯಾರೋ ತಗೊಂಡಾರ್ರೀ!"

ಮೊನ್ನೆ ಹಾಗೆ ಅಂದ ಹುಡುಗನ ಹೆಸರು ಗವಿಸಿದ್ದಪ್ಪ ಅಂತ ಇಟ್ಟುಕೊಳ್ಳೋಣ. ಗವಿಸಿದ್ಧೇಶ್ವರನ ಗವಿಮಠದ ಊರು ಇದು. ಇಲ್ಲಿ ಯಾವ ಓಣಿಯಲ್ಲಿ ನಿಂತು ಗವಿಸಿದ್ದಪ್ಪಾ ಅಂತ ಕೂಗಿದರೂ ಇಬ್ಬರು ಮೂವರು ಓ ಅನ್ನುತ್ತಾರೆ. ಈಮೇಲ್ ಖಾತೆ ತೆರೆಯಲು ಹುಡುಗ ತನ್ನ ಹೆಸರು ಒತ್ತಿದ. ಈ ಹೆಸರು ಈಗಾಗಲೇ ಬಳಕೆಯಲ್ಲಿದೆ ಅಂತ ಕೆಂಪು ಅಕ್ಷರ ಬಂತು. ಕೊನೆಗೆ 1 ಹಚ್ಚಿದ. ಅದೂ ಹೋಗಿತ್ತು. 123 ಹಚ್ಚಿದ. ಅದೂ ಇಲ್ಲ. ಮುಖ ಸಣ್ಣದಾಯಿತು. ಜೊತೆಗೆ ಬಂದಿದ್ದ ಅವರಮ್ಮ ನನ್ನ ಕಡೆ ತಿರುಗಿ, "ನಾವು ಇಟ್ಟ ಹೆಸರು ನಮ್ಮ ಹುಡುಗಗ ಸಿಗಂಗಿಲ್ಲಾ ಅಂದ್ರ ಹೆಂಗ್ರೀ?" ಅಂದರು.

ಯೂಸರ್‌ನೇಮ್ ಅನ್ನೋ ಪದದ ತಿರುಳು ಆ ತಾಯಿಯ ಪ್ರಶ್ನೆಯಲ್ಲೇ ಇದೆ.

ಕನ್ನಡದಲ್ಲಿ ಇದನ್ನು ಬಳಕೆದಾರರ ಹೆಸರು ಅಂತಾರೆ. ಆ 'ಹೆಸರು' ಅನ್ನೋದೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಹೆಸರನ್ನು ಎಷ್ಟು ಜನ ಬೇಕಾದರೂ ಇಟ್ಟುಕೊಳ್ಳಬಹುದು, ಯಾರೂ ತಡೆಯುವುದಿಲ್ಲ. ಯೂಸರ್‌ನೇಮ್ ಹಾಗಲ್ಲ. ಒಂದು ಆ್ಯಪ್‌ನಲ್ಲಿ ಅದು ಒಬ್ಬರಿಗೆ ಮಾತ್ರ. ಅದರ ಕೆಲಸ ಮನೆ ನಂಬರಿನ ಕೆಲಸ. ಪತ್ರ, ಫೋಟೊ, ದುಡ್ಡು ಯಾವ ಬಾಗಿಲಿಗೆ ಹೋಗಬೇಕು ಅಂತ ಯಂತ್ರಕ್ಕೆ ಗೊತ್ತಾಗಬೇಕಲ್ವಾ? ಇನ್‌ಸ್ಟಾಗ್ರಾಮ್‌ನಂಥ ಕಡೆ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಗವಿಸಿದ್ದಪ್ಪ ಅಂತ ಚೆಂದಾಗಿ ಕನ್ನಡದಲ್ಲಿ ಬರೆದುಕೊಳ್ಳುವುದು ತೋರಿಸುವ ಹೆಸರು. ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಂಡರ್‌ಸ್ಕೋರ್ ಅನ್ನೋ ಕೆಳಗಿನ ಗೆರೆ ಸೇರಿಸಿ ಮಾಡಿಕೊಳ್ಳುವುದು ಯೂಸರ್‌ನೇಮ್. ತೋರಿಸುವ ಹೆಸರನ್ನು ಯಾರೂ ಕಸಿದುಕೊಂಡಿಲ್ಲ ಅಂತ ಆ ಅಮ್ಮನಿಗೆ ಹೇಳಿದೆ. ಸ್ವಲ್ಪ ಸಮಾಧಾನ ಆಯಿತು.

ಯಂತ್ರಕ್ಕೆ ಈ ಪಾಡು ಬಂದದ್ದು ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳಲು ಶುರು ಮಾಡಿದಾಗ. ಅಮೆರಿಕದ ಎಂಐಟಿ ಅನ್ನೋ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಅಂಥ ವ್ಯವಸ್ಥೆಯನ್ನು ಮೊದಲು ತೋರಿಸಿದರು. ಯಾರ ಕಡತ ಯಾರದು ಅಂತ ಬೇರೆ ಮಾಡಲು ಗುರುತು ಬೇಕಾಯಿತು. ಆಮೇಲೆ 1971ರಲ್ಲಿ ರೇ ಟಾಮ್ಲಿನ್ಸನ್ ಅನ್ನೋ ಎಂಜಿನಿಯರ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸುವಾಗ ಆಳಿನ ಗುರುತು ಮತ್ತು ಯಂತ್ರದ ಹೆಸರಿನ ನಡುವೆ ಅಟ್ (@) ಚಿಹ್ನೆ ಇಟ್ಟರು. ಇಂಥವರು, ಇಂಥಲ್ಲಿ. ಕಿನ್ನಾಳದ ಗವಿಸಿದ್ದಪ್ಪ ಅಂತ ನಾವು ಹೇಳುವುದಿಲ್ವಾ, ಅದೇ ಲೆಕ್ಕ.

ನಿಜ ಹೇಳಬೇಕೆಂದರೆ ನಮ್ಮ ಹಿರಿಯರು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿದ್ದರು. ಅಡ್ಡಹೆಸರು ಅಂದರೆ ಮೈಸೂರು ಕಡೆ ಕರೆಯುವ ಹೆಸರೋ ಕಾಡಿಸುವ ಹೆಸರೋ ಆಗುತ್ತದೆ. ನಮ್ಮ ಕಡೆ ಅದು ಮನೆತನದ ಹೆಸರು. ಊರಲ್ಲಿ ಐದು ಮಂದಿ ಗವಿಸಿದ್ದಪ್ಪ ಇದ್ದರೆ ಒಬ್ಬ ಬಾವಿಕಟ್ಟಿ, ಒಬ್ಬ ಮೆಣಸಿನಕಾಯಿ, ಒಬ್ಬ ಕಂಬಳಿ, ಒಬ್ಬ ಕಿನ್ನಾಳ, ಮತ್ತೊಬ್ಬ ಮೇಲಿನಮನಿ. ಯಾರೂ ಗವಿಸಿದ್ದಪ್ಪ ನಾಲ್ಕು, ಗವಿಸಿದ್ದಪ್ಪ ಐದು ಅಂತ ಕರೆಯಲಿಲ್ಲ. ಯೂಸರ್‌ನೇಮ್ ಸಿಗದೆ ಒದ್ದಾಡುವ ಹುಡುಗರಿಗೆ ನಾನು ಮೊದಲು ಕೇಳುವುದು ಇದನ್ನೇ: "ನಿಮ್ಮ ಅಡ್ಡಹೆಸರೇನಪ್ಪಾ?"

ಹೆಚ್ಚಿನವರು ಅಡ್ಡಹೆಸರು ಬಿಟ್ಟು ಹುಟ್ಟಿದ ಇಸವಿ ಹಚ್ಚುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಹುಟ್ಟಿದ ದಿನಾಂಕ ಈಗ ಸುಮ್ನೆ ಹಂಚುವ ಮಾಹಿತಿಯಲ್ಲ. ಎಷ್ಟೋ ಕಡೆ ನೀವು ನೀವೇ ಹೌದೋ ಅಲ್ವೋ ಅಂತ ನೋಡಲು ಅದನ್ನೇ ಕೇಳುತ್ತಾರೆ. ಮೊಬೈಲ್ ನಂಬರ್ ಹಚ್ಚುವವರೂ ಇದ್ದಾರೆ, ಅದು ಇನ್ನೂ ಅಪಾಯ. ಹೆಣ್ಣುಮಕ್ಕಳು ಹಾಗೆ ಮಾಡಿದರೆ ನಾನು ಕೈ ಹಿಡಿದು ನಿಲ್ಲಿಸಿದಂತೆ ಬೇಡಮ್ಮಾ ಅನ್ನುತ್ತೇನೆ.

ಉದ್ದದ ನಿಯಮ ಒಂದೊಂದು ಕಡೆ ಒಂದೊಂದು. ಎಕ್ಸ್‌ನಲ್ಲಿ, ಅಂದರೆ ಮೊದಲಿನ ಟ್ವಿಟರ್‌ನಲ್ಲಿ, 15 ಅಕ್ಷರ ಮೀರುವಂತಿಲ್ಲ, ಇನ್‌ಸ್ಟಾಗ್ರಾಮ್‌ನಲ್ಲಿ 30ರವರೆಗೆ ನಡೆಯುತ್ತದೆ. ಜಿಮೇಲ್ ವಿಳಾಸದಲ್ಲಿ ಚುಕ್ಕಿಗೆ ಬೆಲೆಯೇ ಇಲ್ಲ. ಗವಿ ಆದ ಮೇಲೆ ಚುಕ್ಕಿ ಇಟ್ಟು ಸಿದ್ದಪ್ಪ ಬರೆದರೂ, ಕೂಡಿಸಿ ಬರೆದರೂ ಪತ್ರ ಹೋಗುವುದು ಒಂದೇ ಡಬ್ಬಿಗೆ. ಇದು ಗೊತ್ತಿಲ್ಲದೆ ಚುಕ್ಕಿಯನ್ನು ಅಲ್ಲಿ ಇಲ್ಲಿ ಇಟ್ಟು ಅರ್ಧ ಗಂಟೆ ಕಳೆದವರನ್ನು ನೋಡಿದ್ದೇನೆ.

ನಮ್ಮವರಿಗೆ ನಿಜವಾದ ತೊಡಕು ಸ್ಪೆಲ್ಲಿಂಗ್‌ನದು. ಸಿದ್ದಪ್ಪನಿಗೆ ಡಿ ಒಂದೋ ಎರಡೋ? ಎಚ್ ಬೇಕೋ ಬೇಡವೋ? ಹುಲಿಗೆಮ್ಮನ ನಡುವೆ ಇ ಬರೆಯುವವರೂ ಇದ್ದಾರೆ, ಎ ಬರೆಯುವವರೂ ಇದ್ದಾರೆ. ಕನ್ನಡದಲ್ಲಿ ಒಂದೇ ಬಗೆಯಲ್ಲಿ ಬರೆಯುವ ಹೆಸರು ಇಂಗ್ಲಿಷ್‌ಗೆ ಹೋದಾಗ ನಾಲ್ಕು ದಾರಿ ಹಿಡಿಯುತ್ತದೆ. ಅದಕ್ಕೇ ನನ್ನದೊಂದು ಪರೀಕ್ಷೆ ಇದೆ. ಯೂಸರ್‌ನೇಮ್ ಗಟ್ಟಿ ಮಾಡುವ ಮೊದಲು ಯಾರಿಗಾದರೂ ಫೋನ್ ಮಾಡಿ ಬಾಯಲ್ಲಿ ಹೇಳಿ ನೋಡಿ. ಆ ಕಡೆಯವರು ಒಂದೇ ಸಲಕ್ಕೆ ಸರಿಯಾಗಿ ಒತ್ತಿದರೆ ಪಾಸು. "ಡಿ ಎರಡು ಸಲ, ಆಮೇಲೆ ಕೆಳಗಿನ ಗೆರೆ, ಅಲ್ಲ ಅಲ್ಲ, ಅಡ್ಡಗೆರೆ ಅಲ್ಲ" ಅಂತ ಶುರುವಾದರೆ ಬೇರೆ ಹುಡುಕಿ.

ಊರಿನ ಹೆಸರನ್ನು ಸೇರಿಸುವವರು ಇನ್ನೊಂದು ವಿಷಯ ನೆನಪಿಡಬೇಕು. ನವೆಂಬರ್ 1, 2014ರಂದು ಬಳ್ಳಾರಿಯ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು. ಬಿ ಆದ ಮೇಲಿನ ಇ ಹೋಗಿ ಎ ಬಂತು, ಕೊನೆಯ ವೈ ಹೋಗಿ ಐ ಬಂತು. ಅವತ್ತೇ ಹೊಸಪೇಟೆಯದೂ ಬದಲಾಯಿತು. 2021ರಲ್ಲಿ ಹೊಸಪೇಟೆ ಬಳ್ಳಾರಿ ಜಿಲ್ಲೆಯನ್ನೇ ಬಿಟ್ಟು ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಹಳೇ ಸ್ಪೆಲ್ಲಿಂಗ್‌ನ ಯೂಸರ್‌ನೇಮ್‌ಗಳು ಮಾತ್ರ ತಾವಾಗಿ ಬದಲಾಗಲಿಲ್ಲ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಮಾರುವ ಗೆಳೆಯನೊಬ್ಬ ಇದೇ ಕಾರಣಕ್ಕೆ ಮೂರು ವರ್ಷದ ಹಿಂದೆ ಅಂಗಡಿಯ ಯೂಸರ್‌ನೇಮ್ ಬದಲಿಸಿದ. ಊರಿನ ಹೆಸರು ಸರಿಯಾಗಿರಲಿ ಅನ್ನೋ ಅಭಿಮಾನ ಅವನದು, ತಪ್ಪೇನಿಲ್ಲ. ಆದರೆ ಗಿರಾಕಿಗಳ ಮನೆಯಲ್ಲಿದ್ದ ಚೀಲಗಳ ಮೇಲೆ, ಕಾರ್ಡುಗಳ ಮೇಲೆ ಹಳೇದೇ ಇತ್ತು. ತಿಂಗಳು ಕಳೆಯುವುದರೊಳಗೆ ಖಾಲಿ ಬಿದ್ದ ಹಳೇ ಯೂಸರ್‌ನೇಮನ್ನು ಬೇರೆ ಯಾರೋ ಹಿಡಿದರು. ಇವನಿಗೆ ಬರಬೇಕಾದ ಮೆಸೇಜುಗಳು ಅಲ್ಲಿಗೆ ಹೋದವು. ಮುಂಗಡ ಕೇಳಿದರೆ ಕೊಟ್ಟೇಬಿಡುತ್ತಿದ್ದ ಹಳೇ ಗಿರಾಕಿಗಳು ಅವರು. ಅವನು ಒಬ್ಬೊಬ್ಬರಿಗೂ ಫೋನ್ ಮಾಡಿ ತಿಳಿಸುತ್ತಾ ಎರಡು ವಾರ ನಿದ್ದೆಗೆಟ್ಟ.

ಯೂಸರ್‌ನೇಮ್ ಬದಲಿಸುವುದು ಎರಡು ಒತ್ತಿನ ಕೆಲಸ. ಅದರ ಹಿಂದೆ ಮನೆ ಖಾಲಿ ಮಾಡಿ ಬಾಗಿಲು ತೆರೆದು ಬಂದಂತೆ ಆಗುತ್ತದೆ ಅನ್ನೋದು ಯಾರಿಗೂ ಹೊಳೆಯುವುದಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಸಾಮಾನ್ಯವಾಗಿ 14 ದಿನದೊಳಗೆ ಹಳೇದಕ್ಕೆ ವಾಪಸ್ ಬರಬಹುದು. ಅಳಿಸಿಹಾಕಿದ ಜಿಮೇಲ್ ವಿಳಾಸವನ್ನು ಗೂಗಲ್ ಮತ್ತೆ ಯಾರಿಗೂ ಕೊಡುವುದಿಲ್ಲ. ಎಲ್ಲ ಕಡೆಯೂ ಇಷ್ಟು ಕಾವಲು ಇರುವುದಿಲ್ಲ. ಅಂಥ ಕಡೆ ಬದಲಿಸಲೇಬೇಕು ಅಂದರೆ ಆ ನಿಮಿಷವೇ ಇನ್ನೊಂದು ಖಾತೆ ತೆರೆದು ಹಳೇ ಯೂಸರ್‌ನೇಮನ್ನು ಅದಕ್ಕೆ ಹಾಕಿಡಿ, ಹೊಸ ವಿಳಾಸ ಅಲ್ಲಿ ಬರೆದಿಡಿ.

ಎಲ್ಲ ಆ್ಯಪ್‌ನಲ್ಲೂ ಒಂದೇ ಯೂಸರ್‌ನೇಮ್ ಇಟ್ಟುಕೊಳ್ಳಬೇಕಾ ಅಂತ ಬಹಳ ಜನ ಕೇಳುತ್ತಾರೆ. ಅದಕ್ಕೆ ನಾನು ಮಸ್ಕಿಯ ಕಥೆ ಹೇಳುತ್ತೇನೆ. ದೇಶದ ತುಂಬ ಬಂಡೆಗಳ ಮೇಲೆ 'ದೇವಾನಾಂಪ್ರಿಯ' ಅನ್ನೋ ಬಿರುದು ಬರೆಸಿದ ರಾಜನೊಬ್ಬ ಇದ್ದ. ನಮ್ಮ ಕೊಪ್ಪಳದ ಗವಿಮಠದ ಬಂಡೆ, ಪಾಲ್ಕಿಗುಂಡಿನ ಬಂಡೆ, ಎರಡರಲ್ಲೂ ಅವನದೇ ಶಾಸನ. ಅವನು ಅಶೋಕನೇ ಇರಬೇಕು ಅಂತ ವಿದ್ವಾಂಸರು ಊಹಿಸಿದ್ದರು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಬಿರುದಿನ ಪಕ್ಕದಲ್ಲೇ ಅಶೋಕ ಅನ್ನೋ ಹೆಸರು ಇತ್ತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಂ ಶಾಸನಗಳಲ್ಲೂ ಆ ಹೆಸರು ಸಿಕ್ಕಿತು. ಮಸ್ಕಿಯ ಒಂದು ಬಂಡೆಯಲ್ಲಿ ಹೆಸರು ಬಿರುದು ಒಟ್ಟಿಗೆ ಕಂಡದ್ದೇ ತಡ, ಉಳಿದ ಅಷ್ಟೂ ಬಂಡೆಗಳ ಒಡೆಯ ಯಾರು ಅನ್ನೋದು ಗಟ್ಟಿಯಾಯಿತು.

ಯೂಸರ್‌ನೇಮ್ ಕೂಡ ಹೀಗೇ. ಹತ್ತು ಕಡೆ ಒಂದೇ ಇದ್ದು, ಒಂದು ಕಡೆ ಅದರ ಪಕ್ಕದಲ್ಲಿ ನಿಮ್ಮ ನಿಜ ಹೆಸರು, ಊರು, ಕಾಲೇಜು ಇದ್ದರೆ, ಉಳಿದ ಒಂಬತ್ತೂ ನಿಮ್ಮವೇ ಅಂತ ಹುಡುಕುವವರಿಗೆ ತಿಳಿಯುತ್ತದೆ. ಅಂಗಡಿಯವರಿಗೆ, ಕಿನ್ನಾಳದ ಗೊಂಬೆ ಮಾರುವವರಿಗೆ ಇದು ವರ. ಎಲ್ಲ ಕಡೆ ಒಂದೇ ಇಡಿ. ಮನಸ್ಸಿನ ನೋವನ್ನೋ ಕಾಯಿಲೆಯ ಪ್ರಶ್ನೆಯನ್ನೋ ಹೇಳಿಕೊಳ್ಳಲು ಹೋಗುವ ಕಡೆ ಮಾತ್ರ ಪೂರ್ತಿ ಬೇರೆಯದೇ ಇರಲಿ.

ಯೂಸರ್‌ನೇಮ್ ಅಂದರೆ ದಾಸರ ಅಂಕಿತ ಇದ್ದಂತೆ ಅಂತ ಮಾನ್ವಿ ಕಡೆಯ ಮೇಷ್ಟ್ರೊಬ್ಬರು ಒಮ್ಮೆ ಅಂದಿದ್ದರು. ನನಗೆ ಬಹಳ ಹಿಡಿಸಿದ ಮಾತು. ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ. ಮೂವರೂ ರಾಯಚೂರು ಸೀಮೆಯ ದಾಸರು. ವಿಠಲ ಎಲ್ಲರದು, ಅದಕ್ಕೂ ಮೊದಲಿನ ಪದ ಒಬ್ಬೊಬ್ಬರದು. ಆದರೆ ಅಂಕಿತಕ್ಕೆ ಬೀಗ ಇರಲಿಲ್ಲ. ಯಾರೋ ಕಟ್ಟಿದ ಹಾಡಿಗೆ ದೊಡ್ಡ ದಾಸರ ಅಂಕಿತ ಸೇರಿದರೆ ತಡೆಯುವವರಿಲ್ಲ. ಯಾವುದು ಯಾರದು ಅಂತ ಇಂದಿಗೂ ಚರ್ಚೆ ನಡೆಯುತ್ತದೆ. ಯೂಸರ್‌ನೇಮ್‌ಗೆ ಪಾಸ್‌ವರ್ಡ್ ಅನ್ನೋ ಬೀಗ ಇದೆ. ಯೂಸರ್‌ನೇಮ್ ಎಲ್ಲರಿಗೂ ಹೇಳುವಂಥದ್ದು, ಪಾಸ್‌ವರ್ಡ್ ಯಾರಿಗೂ ಹೇಳಬಾರದ್ದು. ಎರಡನ್ನೂ ಒಂದೇ ಚೀಟಿಯಲ್ಲಿ ಬರೆದು ನನ್ನ ಅಂಗಡಿಯ ಟೇಬಲ್ ಮೇಲೆ ಬಿಟ್ಟು ಹೋಗುವವರು ವಾರಕ್ಕೊಬ್ಬರಾದರೂ ಇರುತ್ತಾರೆ. ಕರೆದು ಕೈಗೆ ಕೊಟ್ಟು ಕಳಿಸುತ್ತೇನೆ.

ನಮ್ಮ ಗವಿಸಿದ್ದಪ್ಪನ ಅಡ್ಡಹೆಸರು ಬಾವಿಕಟ್ಟಿ. ಮೊದಲು ಅಡ್ಡಹೆಸರು, ಆಮೇಲೆ ಗವಿ, ನಡುವೆ ಏನೂ ಇಲ್ಲ. ಒತ್ತಿದ. ಕೆಂಪು ಅಕ್ಷರ ಬರಲಿಲ್ಲ. ಗಂಗಾವತಿಯ ಸೋದರಮಾವನಿಗೆ ಅಲ್ಲೇ ನಿಂತು ಫೋನ್ ಹಚ್ಚಿ ಒಂದೇ ಸಲ ಹೇಳಿದ. ಎರಡು ನಿಮಿಷದಲ್ಲಿ ಮಾವನ ಮೊದಲ ಪತ್ರ ಬಂತು. "ಬಂತೇನೋ?" ಅಂತ ಅಷ್ಟೇ ಇತ್ತು ಅದರಲ್ಲಿ. ಅವರಮ್ಮ ಅದನ್ನು ಎರಡು ಸಲ ಓದಿಸಿ ಕೇಳಿದರು.