ಮಣ್ಣು ಹಸಿಯಿದ್ದರೂ ಬಾಡುವ ಗಿಡ

2024ರ ಬೇಸಿಗೆಯಲ್ಲಿ ಬೆಂಗಳೂರಿನ ತಾರಸಿ ತೋಟಗಳಿಗೆ ಪೆಟ್ಟಿನ ಮೇಲೆ ಪೆಟ್ಟು ಬಿತ್ತು. ಹಿಂದಿನ ವರ್ಷ ಮುಂಗಾರು ಕೈಕೊಟ್ಟು ಕೊಳವೆಬಾವಿಗಳು ಬತ್ತಿದ್ದವು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಎಂದು ಮಾರ್ಚ್‌ನಲ್ಲಿ ಜಲಮಂಡಳಿ ಆದೇಶಿಸಿತು. ಏಪ್ರಿಲ್ ಕೊನೆಗೆ ಬಿಸಿಲು 38 ಡಿಗ್ರಿ ದಾಟಿತು. ಬೆಳಿಗ್ಗೆ ನೀರು ಹಾಕಿದ ಗಿಡವೂ, ಮಣ್ಣು ಇನ್ನೂ ಹಸಿಯಿರುವಾಗಲೇ, ಮಧ್ಯಾಹ್ನಕ್ಕೆ ಜೋತುಬೀಳುತ್ತಿತ್ತು.

ಇದಕ್ಕೆ ಕಾರಣ ಮಣ್ಣಲ್ಲ, ಗಾಳಿ. ತಾಪಮಾನ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. 28 ಡಿಗ್ರಿಯ, ಶೇ. 60 ತೇವಾಂಶದ ಗಾಳಿಗಿಂತ 38 ಡಿಗ್ರಿಯ, ಶೇ. 20 ತೇವಾಂಶದ ಗಾಳಿ ಎಲೆಯ ನೀರನ್ನು ಮೂರು ಪಟ್ಟಿಗೂ ಮೀರಿದ ಬಲದಿಂದ ಸೆಳೆಯುತ್ತದೆ. ಬೇರು ಅಷ್ಟು ವೇಗವಾಗಿ ನೀರೆತ್ತಲಾರದು. ಆಗ ಗಿಡ ಎಲೆಯ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರೇನೋ ಉಳಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಒಳಬರುವ ದಾರಿಯೂ ಅದೇ. ಬಾಗಿಲು ಹಾಕಿಕೊಂಡ ಗಿಡಕ್ಕೆ ಅಂದಿನ ಊಟ ಖೋತಾ. ಸಂಜೆಗೆ ತಾನಾಗಿ ಚೇತರಿಸಿಕೊಂಡರೆ ಅದಕ್ಕೆ ಮತ್ತೆ ನೀರು ಬೇಕಿಲ್ಲ. ಬಾಡಿತೆಂದು ಸುರಿಯುತ್ತಲೇ ಹೋದರೆ ಬೇರು ಕೊಳೆಯುತ್ತದೆ.

ಟೊಮೆಟೊ ಇನ್ನೂ ಸೂಕ್ಷ್ಮ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಪರಾಗ ನಿಸ್ಸತ್ವವಾಗಿ, ಹೂವು ಕಾಯಿ ಕಟ್ಟದೆ ಉದುರುತ್ತದೆ. ಅದಕ್ಕೆ ಗೊಬ್ಬರ ಹೆಚ್ಚಿಸುವವರಿದ್ದಾರೆ. ದಯವಿಟ್ಟು ಬೇಡ, ಮೊದಲು ನೆರಳುಬಲೆ ಕಟ್ಟಿ. ಒಣ ಸೆಕೆಯಲ್ಲಿ ಬದನೆ, ಬೆಂಡೆಯ ಎಲೆಯಡಿ ನುಸಿಯೂ ಬೇಗ ಹಬ್ಬುತ್ತದೆ.

ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಕುಂಡದ್ದು ಬೇರೆಯೇ ಕಥೆ. ಒಮ್ಮೆ ಪೂರ್ತಿ ಒಣಗಿದರೆ ಅದು ಕುಗ್ಗಿ, ಕುಂಡದ ಅಂಚಿನಲ್ಲಿ ಬಿರುಕು ಬಿಡುತ್ತದೆ. ಹಾಕಿದ ನೀರೆಲ್ಲ ಆ ಸಂದಿನಿಂದ ಇಳಿದು ತಳದಿಂದ ಹರಿದುಹೋಗುತ್ತದೆ, ನಡುವಿನ ಬೇರಿಗೆ ಹನಿಯೂ ಸಿಕ್ಕಿರುವುದಿಲ್ಲ. ಅಂಥ ಕುಂಡವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ತಳದಿಂದ ಹೀರಿಕೊಳ್ಳುತ್ತದೆ. ಮೇಲೆ ಎರಡು ಮೂರು ಇಂಚು ತರಗೆಲೆ ಹೊದಿಸಿದರೆ ಬೇಗ ಒಣಗುವುದಿಲ್ಲ. ಫೆಬ್ರವರಿಯಲ್ಲಿ ನಮ್ಮ ಬೀದಿಗಳಲ್ಲಿ ಗುಡಿಸಿ ಸುಡುವ ಎಲೆಗಳನ್ನು ಕಂಡಾಗ ನನಗೆ ಸಂಕಟವಾಗುವುದು ಇದಕ್ಕೇ.

ಟ್ಯಾಂಕರ್ ನೀರಿನ ಹಾನಿ ನಿಧಾನದ್ದು. ಆಳದ ಕೊಳವೆಬಾವಿಯ ನೀರು ಗಡಸಾಗಿದ್ದರೆ, ನೀರು ಆವಿಯಾದಾಗಲೆಲ್ಲ ಲವಣ ಕುಂಡದಲ್ಲೇ ಉಳಿಯುತ್ತದೆ. ಮಣ್ಣಿನ ಮೇಲೆ ಬಿಳಿ ಪುಡಿ, ಎಲೆಯಂಚು ಸುಟ್ಟಂತೆ ಕಂದು. ಮಣ್ಣು ಕ್ಷಾರೀಯವಾದರೆ ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕದು, ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿರುತ್ತದೆ.

ಈ ಲವಣ ತೊಳೆಯಲು ಮಳೆನೀರಿಗಿಂತ ಒಳ್ಳೆಯದಿಲ್ಲ. ಆದರೆ ಮಳೆಯ ಲಯವೂ ಕೆಟ್ಟಿದೆ. ಆ ವರ್ಷದ ಏಪ್ರಿಲ್ ಒಣಗಿಹೋಯಿತು, ಜೂನ್ 2ರ ಒಂದೇ ದಿನ 111 ಮಿಲಿಮೀಟರ್ ಸುರಿಯಿತು. ಸಾವಿರ ಚದರಡಿ ತಾರಸಿಗೆ ಲೆಕ್ಕ ಹಾಕಿದರೆ ಹತ್ತು ಸಾವಿರ ಲೀಟರಿಗೂ ಹೆಚ್ಚು! ಆದ್ದರಿಂದ ಡ್ರಮ್ಮು, ಪೈಪು, ಜಾಲರಿ ಎಲ್ಲವೂ ಏಪ್ರಿಲ್‌ನಲ್ಲೇ ಸಿದ್ಧವಿರಬೇಕು. ಕುಂಡಗಳ ತಳದ ತೂತು ಕಟ್ಟಿಕೊಂಡಿದ್ದರೆ ಅದನ್ನೂ ಆಗಲೇ ಬಿಡಿಸಿಡಿ.